ರಾತ್ರಿ ತಣ್ಣಗೆ ಕೂತು ಕೇಳಲು ಸಂಗೀತ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

"ಮನಸ್ಸು ತಣ್ಣಗಾಗುವಂಥ ನಾಲ್ಕು ಹಾಡು ಹೇಳಿ ಸಾರ್" ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಗಂಗಾವತಿಯ ರೈಸ್ ಮಿಲ್ಲಿನ ಸದ್ದಿನಲ್ಲಿ ದಿನ ಕಳೆಯುವವರು ಕೇಳುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಕೇಳುತ್ತಾರೆ. ರಾಯಚೂರಿನಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು ಕೇಳುತ್ತಾರೆ. ನಾಲ್ಕು ಹಾಡು ಹೇಳುವುದು ಸುಲಭ. ಆದರೆ ಎರಡು ದಿನ ಬಿಟ್ಟು ಅವರೇ ಮತ್ತೆ ಹೇಳುತ್ತಾರೆ: "ಶುರುವಿನಲ್ಲಿ ಚೆನ್ನಾಗಿತ್ತು, ಆಮೇಲೆ ತಬಲಾ ಜೋರಾಗಿ ಎಚ್ಚರ ಆಯ್ತು."

ತೊಂದರೆ ಇರುವುದೇ ಅಲ್ಲಿ. ಒಂದು ರಾಗ ಶಾಂತವೋ ಅಲ್ಲವೋ ಅನ್ನುವುದು ಎರಡನೇ ಮಾತು. ಸದ್ದು ಒಮ್ಮೆಲೇ ಏರಿದರೆ, ಲಯ ಒಮ್ಮೆಲೇ ಓಡಿದರೆ ಯಾವ ರಾಗವಾದರೂ ನೆಮ್ಮದಿ ಕೆಡಿಸುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಒಂದನ್ನೇ: ಮೊದಲಿಂದ ಕೊನೆಯವರೆಗೆ ಹೆಚ್ಚು ಏರಿಳಿತ ಇಲ್ಲದ ಸಂಗೀತವನ್ನು ಹುಡುಕುವುದು ಹೇಗೆ, ಇದ್ದರೆ ಅದನ್ನು ತಪ್ಪಿಸುವುದು ಹೇಗೆ.

ಬೇಕಾಗುವ ಸಾಮಾನು

ದುಡ್ಡು ಖರ್ಚು ಮಾಡುವಂಥದ್ದು ಏನೂ ಇಲ್ಲ. ಒಂದು ಫೋನು. ಒಂದು ಸಣ್ಣ ಸ್ಪೀಕರ್, ಇಲ್ಲದಿದ್ದರೆ ವೈರ್ ಇರುವ ಇಯರ್‌ಫೋನ್. ಮನೆಯಲ್ಲಿ ಹಳೇ ಕೌದಿ ಒಂದೆರಡು ಇದ್ದರೆ ಉಪಯೋಗಕ್ಕೆ ಬರುತ್ತವೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮತ್ತೆ ನಲವತ್ತು ನಿಮಿಷ ಬಿಡುವು. ಹತ್ತು ನಿಮಿಷಕ್ಕೆ ಏಳುವುದಾದರೆ ಶಾಸ್ತ್ರೀಯ ಸಂಗೀತಕ್ಕೆ ಕೈ ಹಾಕಬೇಡಿ, ಸುಮ್ನೆ ಎರಡು ಹಳೇ ಸಿನಿಮಾ ಹಾಡು ಕೇಳಿ ಎದ್ದುಬಿಡಿ.

1. ಮೊದಲು ಕೋಣೆಯನ್ನು ನೋಡಿ

ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಕೂರಲು ಆಗುವುದಿಲ್ಲ. ಕೂಲರ್ ಸದ್ದಿನಲ್ಲಿ ಮೊದಲು ಮುಳುಗುವುದು ತಂಬೂರಿ, ಆಮೇಲೆ ಗಾಯಕರ ಮಂದ್ರ ಸ್ವರಗಳು (ಮಂದ್ರ ಅಂದರೆ ಕೆಳಗಿನ, ದಪ್ಪ ಸ್ವರ). ಆಗ ಎಲ್ಲರೂ ಮಾಡುವ ಕೆಲಸ ವಾಲ್ಯೂಮ್ ಏರಿಸುವುದು. ಹಾಗೆ ಮಾಡಿದರೆ ಕೂಲರ್ ಸದ್ದಿನ ಮೇಲೆ ಇನ್ನೊಂದು ಸದ್ದು ಕೂತಂತಾಗುತ್ತದೆ, ಅಷ್ಟೇ. ಅದರ ಬದಲು ಕೂಲರ್ ವೇಗ ಒಂದು ಹಂತ ಇಳಿಸಿ, ಸ್ಪೀಕರ್ ಅನ್ನು ಕೂಲರ್‌ನಿಂದ ದೂರ, ನಿಮಗೆ ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಹತ್ತಿರ ಇದ್ದರೆ ಕಡಿಮೆ ಸದ್ದೂ ಸಾಕಾಗುತ್ತದೆ. ಕೂಲರ್ ಜೋರಾಗಿಯೇ ಬೇಕು ಅನ್ನುವ ದಿನ ಕೊಳಲು ಅಥವಾ ಸಂತೂರ್ ಹಾಕಿ. ಅವುಗಳ ದನಿ ಮೇಲಿನದ್ದು, ಗಾಳಿಯ ಸದ್ದನ್ನು ದಾಟಿ ಬರುತ್ತದೆ. ಸರೋದ್, ರುದ್ರವೀಣೆ ದಪ್ಪ ದನಿಯ ತಂತಿವಾದ್ಯಗಳು, ಆ ದಿನಕ್ಕೆ ಬೇಡ.

ಎರಡನೆಯದು ಪ್ರತಿಧ್ವನಿ. ಬರಿ ಆರ್‌ಸಿಸಿ ಕೋಣೆ, ಕೆಳಗೆ ಟೈಲ್ಸ್ ಅಥವಾ ಬಂಡೆ, ಸಾಮಾನು ಕಡಿಮೆ. ಇಂಥ ಕಡೆ ಚಪ್ಪಾಳೆ ತಟ್ಟಿ ನೋಡಿ, ಠಣ್ ಅಂತ ವಾಪಸ್ ಬರುತ್ತದೆ. ಸಂಗೀತವೂ ಹಾಗೇ ವಾಪಸ್ ಬಂದು ಕಲಸಿಹೋಗುತ್ತದೆ. ಸ್ಪೀಕರ್‌ನ ಎದುರು ಗೋಡೆಗೆ ಕೌದಿ ನೇತುಹಾಕಿ, ಕೆಳಗೆ ಗಾದಿ ಹಾಸಿ. ದಪ್ಪ ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಇಷ್ಟಕ್ಕೇ ಆಗುವ ವ್ಯತ್ಯಾಸ ನೋಡಿದರೆ ಆಶ್ಚರ್ಯ ಆಗುತ್ತದೆ. ಸ್ಪೀಕರ್ ಅನ್ನು ಮೂಲೆಗೆ ತಳ್ಳಬೇಡಿ, ಗೋಡೆ ಗೂಡಿನಲ್ಲಿ ಇಡಬೇಡಿ. ಎರಡೂ ಕಡೆ ದಪ್ಪ ಸ್ವರಗಳು ಗುಂಯ್‌ಗುಡುತ್ತವೆ. ಕೂತಾಗ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರದ ಸ್ಟೂಲ್ ಮೇಲೆ ಇಡಿ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರಿಗೆ ಪ್ರತಿಧ್ವನಿಯ ಕಾಟ ಇಲ್ಲ, ಗೋಡೆಯೇ ಇಲ್ಲವಲ್ಲ. ಆದರೆ ರಾತ್ರಿ ಸದ್ದು ಬಹಳ ದೂರ ಹೋಗುತ್ತದೆ. ಪಕ್ಕದ ಮಾಳಿಗೆಯವರಿಗೆ ನಿಮ್ಮ ಮಾಲ್‌ಕೌಂಸ್ ರಾಗ ಬೇಕಾಗಿಲ್ಲದೇ ಇರಬಹುದು. ಅಲ್ಲಿ ಇಯರ್‌ಫೋನೇ ಸರಿ.

2. ಫೋನನ್ನು ಸುಮ್ಮನಾಗಿಸಿ

ಶಾಂತ ಸಂಗೀತದ ನಡುವೆ ಸಿಮೆಂಟ್ ಜಾಹೀರಾತು ಕೂಗಿಕೊಂಡರೆ ಹೇಗಿರುತ್ತೆ? ಅದಕ್ಕೆ ಕೇಳುವ ಮೊದಲು ಈ ಕೆಲಸಗಳು ಆಗಲೇಬೇಕು.

ಹಗಲಿನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ರಾತ್ರಿ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಜಾಹೀರಾತೂ ಇಲ್ಲ, ಕಾಲ್ ಇಲ್ಲ, ವಾಟ್ಸ್ಆ್ಯಪ್ ಟಿಂಗ್ ಇಲ್ಲ. ಫ್ಲೈಟ್ ಮೋಡ್ ಹಾಕಿದಾಗ ಬ್ಲೂಟೂತ್ ಆಫ್ ಆದರೆ ಅದೊಂದನ್ನು ಮತ್ತೆ ಆನ್ ಮಾಡಿಕೊಳ್ಳಿ. ಡೇಟಾ ಲೆಕ್ಕ ಬೇಕಿದ್ದರೆ: 128 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 58 ಎಂಬಿ, 320ರಲ್ಲಿ ಸುಮಾರು 144 ಎಂಬಿ. (ಕೆಬಿಪಿಎಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಬರುತ್ತದೆ ಅನ್ನುವ ಅಳತೆ. ಜಾಸ್ತಿ ಇದ್ದಷ್ಟೂ ದನಿ ಸ್ವಚ್ಛ.) ಸಣ್ಣ ಸ್ಪೀಕರ್‌ನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳ್ಳೆ ಇಯರ್‌ಫೋನ್‌ನಲ್ಲಿ ತಂಬೂರಿಯ ಝೇಂಕಾರ ಕೇಳಿದರೆ ಗೊತ್ತಾಗಬಹುದು.

ಮುಂದೆ ಆಟೋಪ್ಲೇ. ಇದನ್ನು ಆಫ್ ಮಾಡದಿದ್ದರೆ ದರ್ಬಾರಿ ರಾಗ ಮುಗಿದ ಮೇಲೆ ಆ್ಯಪ್ ತನಗೆ ತೋಚಿದ್ದನ್ನು ಹಾಕುತ್ತದೆ. ಅದು ಏನು ಬೇಕಾದರೂ ಆಗಿರಬಹುದು, ಜಾತ್ರೆ ಡಿಜೆ ಹಾಡೂ ಬರಬಹುದು.

ಬಹಳ ಜನರಿಗೆ ಗೊತ್ತಿಲ್ಲದ ಸೆಟ್ಟಿಂಗ್ ಒಂದಿದೆ, ಹೆಸರು ನಾರ್ಮಲೈಸೇಶನ್. ಬೇರೆ ಬೇರೆ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ವ್ಯವಸ್ಥೆ ಇದು. 1950ರ ದಶಕದ ಹಾಡು ಮೆತ್ತಗೆ, ಈಗಿನ ಹಾಡು ಜೋರಾಗಿ ಬರುವ ತೊಂದರೆ ಇದರಿಂದ ತಪ್ಪುತ್ತದೆ. ಸ್ಪಾಟಿಫೈನಲ್ಲಿ ಪ್ಲೇಬ್ಯಾಕ್ ಸೆಟ್ಟಿಂಗ್‌ಗಳ ಒಳಗೆ ಸಿಗುತ್ತದೆ. ಯೂಟ್ಯೂಬ್‌ನಲ್ಲಿ ಇಂಥದ್ದಕ್ಕೆ ಸ್ಟೇಬಲ್ ವಾಲ್ಯೂಮ್ ಅನ್ನುತ್ತಾರೆ. ರಾತ್ರಿಗೆ ಇದು ಆನ್ ಇರಲಿ. ಕ್ರಾಸ್‌ಫೇಡ್ ಅನ್ನುವುದು ಮಾತ್ರ ಆಫ್ ಇರಲಿ. ಅದು ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆಯನ್ನು ಅಂಟಿಸುತ್ತದೆ, ಎರಡು ಬೇರೆ ಶ್ರುತಿಗಳು ಒಟ್ಟಿಗೆ ಬಂದು ಕಿವಿಗೆ ಹಿಂಸೆ.

ಬ್ಲೂಟೂತ್ ಸ್ಪೀಕರ್ ಇದ್ದವರಿಗೆ ಒಂದು ಎಚ್ಚರಿಕೆ. ಬ್ಯಾಟರಿ ಕಡಿಮೆಯಾದಾಗ ಕೆಲವು ಸ್ಪೀಕರ್‌ಗಳು ಅದನ್ನು ಜೋರಾಗಿ ಘೋಷಣೆ ಮಾಡುತ್ತವೆ. ಕೂರುವ ಮೊದಲೇ ಚಾರ್ಜ್ ಮಾಡಿಡಿ. ಕರೆಂಟ್ ಹೋಗುವ ಊರಿನಲ್ಲಿ ಇದು ಇನ್ನೂ ಮುಖ್ಯ.

ವಾಲ್ಯೂಮ್ ಎಷ್ಟಿರಬೇಕು? ಪಕ್ಕದಲ್ಲಿ ಕೂತವರು ಮೆಲ್ಲಗೆ ಮಾತಾಡಿದರೆ ಕೇಳಿಸಬೇಕು, ಅಷ್ಟು. ಇಯರ್‌ಫೋನ್ ಆದರೆ, ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ (ಸದ್ದಿನ ಅಳತೆ) ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ 75. ನಾವು ಇಲ್ಲಿ ಮಾತಾಡುತ್ತಿರುವುದು ಅದಕ್ಕಿಂತ ಎಷ್ಟೋ ಕೆಳಗಿನ ಸದ್ದು.

ಇಂಟರ್ನೆಟ್ ಗೊಡವೆಯೇ ಬೇಡ ಅನ್ನುವವರಿಗೆ ರೇಡಿಯೊ ಇದ್ದೇ ಇದೆ. ರಾಯಚೂರು, ಹೊಸಪೇಟೆ ಎರಡೂ ಕಡೆ ಆಕಾಶವಾಣಿ ಕೇಂದ್ರಗಳಿವೆ. ಆಕಾಶವಾಣಿ 2016ರಲ್ಲಿ ಶುರು ಮಾಡಿದ 'ರಾಗಂ' ಅನ್ನುವ ವಾಹಿನಿ ಪೂರ್ತಿ ಶಾಸ್ತ್ರೀಯ ಸಂಗೀತಕ್ಕೇ ಮೀಸಲು, ಆಕಾಶವಾಣಿಯ ಆ್ಯಪ್‌ನಲ್ಲಿ ಬರುತ್ತದೆ. ರೇಡಿಯೊದಲ್ಲಿ ಮುಂದೇನು ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ, ಆ ಗುಣವೇ ಕೆಲವರಿಗೆ ಇಷ್ಟ. ಮಲಗುವ ಹೊತ್ತಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ.

3. ಹಾಡಿನ ಯಾವ ಭಾಗ ಬೇಕು ಅಂತ ತಿಳಿಯಿರಿ

ಇದೇ ಮುಖ್ಯವಾದ ಹಂತ. ಸ್ವಲ್ಪ ನಿಧಾನವಾಗಿ ಓದಿ.

ಹಿಂದೂಸ್ತಾನಿ ಸಂಗೀತದ ಕಛೇರಿ ನಿಧಾನಕ್ಕೆ ಶುರುವಾಗಿ ವೇಗವಾಗಿ ಮುಗಿಯುತ್ತದೆ. ಅದು ಅದರ ಕಟ್ಟುವಿಕೆಯೇ. ವಾದ್ಯ ಸಂಗೀತದಲ್ಲಿ ಮೊದಲು ಆಲಾಪ: ತಾಳ ಇಲ್ಲ, ತಬಲಾ ಇಲ್ಲ, ಕಲಾವಿದರು ಒಂದೊಂದೇ ಸ್ವರ ಹಿಡಿದು ರಾಗವನ್ನು ಬಿಡಿಸುತ್ತಾರೆ. ಆಮೇಲೆ ಜೋಡ್: ಇನ್ನೂ ತಬಲಾ ಬಂದಿಲ್ಲ, ಆದರೆ ಮೀಟುವಿಕೆಗೆ ಒಂದು ಲಯ ಸಿಕ್ಕಿರುತ್ತದೆ. ಆಮೇಲೆ ಝಾಲಾ: ತಂತಿಗಳನ್ನು ಅತಿ ವೇಗವಾಗಿ ಮೀಟುವ ಭಾಗ. ಇದಾದ ಮೇಲೆ ತಬಲಾ ಜೊತೆ ಗತ್, ಅಂದರೆ ತಾಳಕ್ಕೆ ಕಟ್ಟಿದ ರಚನೆ. ಅದರಲ್ಲೂ ಮೊದಲು ವಿಲಂಬಿತ (ನಿಧಾನ), ಕೊನೆಗೆ ದ್ರುತ (ವೇಗ).

ಹಾಡುಗಾರಿಕೆಯಲ್ಲಿ ಬಡಾ ಖಯಾಲ್ ಮೊದಲು, ಛೋಟಾ ಖಯಾಲ್ ನಂತರ. (ಖಯಾಲ್ ಅಂದರೆ ಹಿಂದೂಸ್ತಾನಿ ಹಾಡುಗಾರಿಕೆಯ ಒಂದು ಪ್ರಕಾರ.) ಬಡಾ ಅಂದರೆ ನಿಧಾನದ್ದು, ಛೋಟಾ ಅಂದರೆ ಚುರುಕಿನದ್ದು. ಹೆಸರಿನ ಕೊನೆಗೆ 'ತರಾನಾ' ಅಂತ ಇದ್ದರೆ ರಾತ್ರಿ ಪಟ್ಟಿಯಿಂದ ಹೊರಗಿಡಿ. ತನನ ದಿರ್ ದಿರ್ ಅಂತ ಅಕ್ಷರಗಳು ಓಡುವ ರಚನೆ ಅದು, ಕೇಳಲು ಸೊಗಸು, ಕಣ್ಣು ಮಾತ್ರ ಮುಚ್ಚುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ರೆಕಾರ್ಡಿಂಗ್ ಆರಿಸುವಾಗ ಶುರುವಿನ ಎರಡು ನಿಮಿಷ ಕೇಳಿ ಒಪ್ಪಿಕೊಳ್ಳಬೇಡಿ. ನೇರವಾಗಿ ಕೊನೆಗೆ ಹೋಗಿ. ಕೊನೆಯ ಎರಡು ನಿಮಿಷ ಹೇಗಿದೆ ನೋಡಿ. ಅಲ್ಲಿ ಝಾಲಾ ಅಥವಾ ದ್ರುತ ಇದ್ದರೆ ಹಿಂದಕ್ಕೆ ಬನ್ನಿ, ಲಯ ಎಲ್ಲಿಂದ ಓಡಲು ಶುರುವಾಯಿತು ಅನ್ನುವ ನಿಮಿಷವನ್ನು ಬರೆದಿಟ್ಟುಕೊಳ್ಳಿ. ಅಷ್ಟು ನಿಮಿಷಕ್ಕೆ ಸ್ಲೀಪ್ ಟೈಮರ್ (ಹೇಳಿದ ಹೊತ್ತಿಗೆ ಸಂಗೀತವನ್ನು ತಾನೇ ನಿಲ್ಲಿಸುವ ಸೆಟ್ಟಿಂಗ್) ಇಡಿ. ಕೆಲವು ಆಲ್ಬಮ್‌ಗಳಲ್ಲಿ ಆಲಾಪ, ಜೋಡ್, ಗತ್ ಬೇರೆ ಬೇರೆ ಟ್ರ್ಯಾಕ್ ಆಗಿಯೇ ಇರುತ್ತವೆ. ಅಂಥವು ಸಿಕ್ಕರೆ ಆಲಾಪ ಒಂದನ್ನೇ ಪಟ್ಟಿಗೆ ಸೇರಿಸಿ.

"ಅರ್ಧಕ್ಕೆ ನಿಲ್ಲಿಸುವುದು ಕಲಾವಿದರಿಗೆ ಅವಮಾನ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಪೂರ್ತಿ ಕಛೇರಿಯನ್ನು ಭಾನುವಾರ ಬೆಳಗ್ಗೆ ಎಚ್ಚರವಾಗಿ ಕೂತು ಕೇಳಿ. ರಾತ್ರಿ ಹತ್ತಕ್ಕೆ ದ್ರುತ ಕೇಳಿ ಹೊರಳಾಡುವುದರಿಂದ ಯಾರ ಮರ್ಯಾದೆಯೂ ಹೆಚ್ಚುವುದಿಲ್ಲ.

ಕರ್ನಾಟಕ ಸಂಗೀತದ ಕಥೆ ಬೇರೆ. ಅಲ್ಲಿ ಕಛೇರಿ ಶುರುವಾಗುವುದೇ ವರ್ಣ ಅನ್ನುವ ಬಿರುಸಿನ ರಚನೆಯಿಂದ, ನಡುವೆ ತನಿ ಆವರ್ತನ ಬರುತ್ತದೆ, ಅಂದರೆ ಮೃದಂಗ, ಘಟಗಳವರು ತಾವೇ ನುಡಿಸುವ ಭಾಗ. ರಾತ್ರಿಗೆ ಇಡೀ ಕಛೇರಿ ಹಾಕಬೇಡಿ. ರಾಗಾಲಾಪನೆ ಮಾತ್ರ ಆರಿಸಿ, ಅದೂ ವೀಣೆಯದ್ದು. ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ನುಡಿಸುವಿಕೆಯಲ್ಲಿ ಅವಸರ ಅನ್ನುವುದೇ ಇಲ್ಲ. ಅಲ್ಲಿಂದ ಶುರು ಮಾಡಿದರೆ ಮೃದಂಗ ಬಂದರೂ ಮುಂದೆ ಕಿವಿ ಒಗ್ಗುತ್ತದೆ. ನೀಲಾಂಬರಿ ರಾಗ ಜೋಗುಳಕ್ಕೆ ಹೆಸರುವಾಸಿ, ಮಕ್ಕಳಿರುವ ಮನೆಯವರು ಅದನ್ನು ಹುಡುಕಬಹುದು.

4. ಹೊತ್ತಿಗೆ ತಕ್ಕ ರಾಗ

ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತು ಮಾಡಿದ್ದಾರೆ. ಅದನ್ನು ಪಾಲಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಹುಡುಕಲು ಅದು ಒಳ್ಳೆ ದಾರಿ. ಬೆಳಗಿನ ಜಾವ ಐದಕ್ಕೆ ಏಳುವವರು ಅಹೀರ್ ಭೈರವ್ ಕೇಳಿ. ಮಧ್ಯಾಹ್ನ ಊಟ ಆದ ಮೇಲೆ, ಹೊರಗೆ ಬಿಸಿಲು ಕಾಯುತ್ತಿರುವಾಗ ಭೀಮ್‌ಪಲಾಸಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪೂರಿಯಾ ಧನಾಶ್ರೀ. ಅದು ಕಳೆದ ಮೇಲೆ ಯಮನ್. ಊಟ ಮುಗಿದು ಮಲಗುವ ಮುಂಚೆ ಬಾಗೇಶ್ರೀ. ಇನ್ನೂ ತಡವಾದರೆ ಮಾಲ್‌ಕೌಂಸ್ ಅಥವಾ ದರ್ಬಾರಿ ಕಾನಡಾ. ಹೊಸಬರಿಗೆ ನನ್ನ ಆಯ್ಕೆ ಯಮನ್ ಮತ್ತು ಬಾಗೇಶ್ರೀ. ಸಿನಿಮಾ ಹಾಡುಗಳ ಮೂಲಕ ಆ ಸ್ವರಗಳು ಕಿವಿಗೆ ಆಗಲೇ ಪರಿಚಯ ಇರುತ್ತವೆ.

ಮಾರ್ವಾ ರಾಗವನ್ನು 'ಶಾಂತ ರಾಗ' ಪಟ್ಟಿಗಳಲ್ಲಿ ನೋಡಿದ್ದೇನೆ. ಸೂರ್ಯ ಮುಳುಗುವ ಹೊತ್ತಿನ ರಾಗ ಅದು, ನಿಧಾನದ್ದೂ ಹೌದು. ಆದರೆ ಅದರಲ್ಲಿ ಷಡ್ಜದ (ಸ, ಅಂದರೆ ಆಧಾರ ಸ್ವರ) ಮೇಲೆ ನಿಲ್ಲುವುದೇ ಕಡಿಮೆ. ಹೀಗಾಗಿ ಒಂದು ಥರದ ತಳಮಳ ಉಳಿದುಬಿಡುತ್ತದೆ. ಮನಸ್ಸು ಕೆಟ್ಟ ದಿನ ಹಾಕಬೇಡಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಬಳ್ಳಾರಿ ಕಡೆ ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ಕೇಳುವವರಿದ್ದಾರೆ, ಹೆಸರುಗಳು ಗೊಂದಲ ಮಾಡುತ್ತವೆ. ಕರ್ನಾಟಕದ ಹಿಂದೋಳ ಸ್ವರಗಳ ಲೆಕ್ಕದಲ್ಲಿ ಹಿಂದೂಸ್ತಾನಿಯ ಮಾಲ್‌ಕೌಂಸ್. ಆದರೆ ಹಿಂದೂಸ್ತಾನಿಯಲ್ಲಿ ಹಿಂದೋಲ್ ಅನ್ನುವ ಬೇರೆಯದೇ ರಾಗ ಇದೆ. ಕರ್ನಾಟಕದ ತೋಡಿ ಬೇರೆ, ಹಿಂದೂಸ್ತಾನಿ ತೋಡಿ ಬೇರೆ. ಹಿಂದೂಸ್ತಾನಿ ತೋಡಿಯ ಸ್ವರಗಳು ಕರ್ನಾಟಕದ ಶುಭಪಂತುವರಾಳಿಗೆ ಹತ್ತಿರ. ಕರ್ನಾಟಕ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹತ್ತಿರ. ಹುಡುಕುವಾಗ ಬರಿ ರಾಗದ ಹೆಸರು ಟೈಪ್ ಮಾಡಬೇಡಿ, ಕಲಾವಿದರ ಹೆಸರನ್ನೂ ಸೇರಿಸಿ. ಸುಲಭದ ಜೋಡಿಗಳು ಇವು: ಯಮನ್–ಕಲ್ಯಾಣಿ, ಭೂಪ್–ಮೋಹನ, ಭೀಮ್‌ಪಲಾಸಿ–ಆಭೇರಿ.

5. ಯಾರನ್ನು ಕೇಳಬೇಕು

ಹಾಡುಗಾರಿಕೆಯಲ್ಲಿ ಮೊದಲ ಹೆಸರು ಉಸ್ತಾದ್ ಅಮೀರ್ ಖಾನ್ (1912–1974). ಅತಿ ವಿಲಂಬಿತ, ಅಂದರೆ ನಿಧಾನಕ್ಕಿಂತ ನಿಧಾನ ಲಯ. ಹದಿನಾಲ್ಕು ಮಾತ್ರೆಗಳ ಝೂಮ್ರಾ ತಾಳದಲ್ಲಿ ಅವರು ಒಂದು ಆವರ್ತ ಮುಗಿಸುವುದರೊಳಗೆ ನಿಮ್ಮ ಉಸಿರಾಟ ತಾನಾಗಿ ನಿಧಾನ ಆಗಿರುತ್ತದೆ. (ಮಾತ್ರೆ ಅಂದರೆ ತಾಳದ ಒಂದು ಎಣಿಕೆ, ಆವರ್ತ ಅಂದರೆ ತಾಳದ ಪೂರ್ತಿ ಒಂದು ಸುತ್ತು.) ಅವರ ದರ್ಬಾರಿ ರಾತ್ರಿಗೆ ಹೇಳಿ ಮಾಡಿಸಿದ್ದು.

ವಾದ್ಯದಲ್ಲಿ ಕೊಳಲಿಗೆ ಪನ್ನಾಲಾಲ್ ಘೋಷ್ (1911–1960), ಹರಿಪ್ರಸಾದ್ ಚೌರಾಸಿಯಾ. ಸಿತಾರ್‌ಗೆ ನಿಖಿಲ್ ಬ್ಯಾನರ್ಜಿ (1931–1986). ಸಂತೂರ್‌ಗೆ ಶಿವಕುಮಾರ್ ಶರ್ಮಾ (1938–2022). ರುದ್ರವೀಣೆಗೆ ಜಿಯಾ ಮೊಹಿಯುದ್ದೀನ್ ಡಾಗರ್. ಡಾಗರ್ ಅವರ ಆಲಾಪ ಬಲು ದೀರ್ಘ, ಬಲು ಗಂಭೀರ. ಹೊಸಬರಿಗೆ ಬೇಸರ ಆಗಬಹುದು, ಒಂದು ತಿಂಗಳು ಕಳೆದ ಮೇಲೆ ಪ್ರಯತ್ನಿಸಿ.

ಸರೋದ್‌ಗೆ ರಾಜೀವ ತಾರಾನಾಥ (1932–2024). ರಾಯಚೂರಿನವರಿಗೆ ಆ ಮನೆತನದ ಹೆಸರು ಗೊತ್ತೇ ಇರುತ್ತದೆ. ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು. ಮಗ ರಾಜೀವರು ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರ ಶಿಷ್ಯ. 1970ರ 'ಸಂಸ್ಕಾರ' ಸಿನಿಮಾಕ್ಕೆ ಸಂಗೀತ ಕೊಟ್ಟವರೂ ಇವರೇ. ಅವರ ಆಲಾಪದಲ್ಲಿ ಸ್ವರ ಮೀಟಿದ ಮೇಲೆ ಅದು ಪೂರ್ತಿ ಆರುವವರೆಗೆ ಕಾಯುವ ಗುಣ ಇದೆ. ನಮಗೆ ಬೇಕಾದದ್ದು ಅದೇ.

ಇನ್ನು ನಮ್ಮವರ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಮಲ್ಲಿಕಾರ್ಜುನ ಮನ್ಸೂರರನ್ನು (1910–1992) ಮಲಗುವ ಹೊತ್ತಿಗೆ ಹಾಕಬೇಡಿ. ಅವರು ಶುರುವಿನಲ್ಲೇ ರಾಗದೊಳಗೆ ಇಳಿದುಬಿಡುತ್ತಾರೆ, ಅಪರೂಪದ ರಾಗಗಳು, ಎಲ್ಲಿ ತಿರುಗುತ್ತಾರೆ ಅಂತ ಕಿವಿ ಹಿಂದೆ ಓಡಬೇಕು. ಅದು ಎಚ್ಚರದ ಸಂಗೀತ. ಭೀಮಸೇನ ಜೋಷಿಯವರ (1922–2011) ಸಿಡಿಲಿನಂಥ ತಾನುಗಳೂ ಹಾಗೇ. (ತಾನ್ ಅಂದರೆ ಸ್ವರಗಳನ್ನು ವೇಗವಾಗಿ ಪೋಣಿಸುವುದು.) ಆದರೆ ಜೋಷಿಯವರು ಹಾಡಿದ ದಾಸರ ಪದಗಳು ಬೇರೆ ಮಾತು, ಅವು ಸಂಜೆಗೆ ಬಹಳ ಹೊಂದುತ್ತವೆ.

ದಾಸರ ಪದ ಅಂದ ಮೇಲೆ ರಾಯಚೂರು ಜಿಲ್ಲೆಯನ್ನು ಬಿಡಲು ಆಗುತ್ತದೆಯೇ? ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಇಲ್ಲಿಯವರೇ. ಪದ ಆರಿಸುವಾಗ ತಾಳ, ಹಾರ್ಮೋನಿಯಂ ಜೋರಾಗಿರುವ ಭಜನೆ ಮಾದರಿ ಬಿಟ್ಟು ಒಬ್ಬರೇ ಹಾಡಿದ್ದನ್ನು ಹುಡುಕಿ. ವಚನಕ್ಕೆ ಸಿದ್ಧರಾಮ ಜಂಬಲದಿನ್ನಿಯವರು. ರಾಯಚೂರಿನ ರಂಗಮಂದಿರದ ಮೇಲೆ ಅವರ ಹೆಸರು ನೋಡಿದವರು ಸಾವಿರಾರು ಜನ, ಅವರ ದನಿ ಕೇಳಿದವರು ಕಡಿಮೆ. ರೆಕಾರ್ಡಿಂಗ್ ಹಳೆಯದು, ಸ್ವಲ್ಪ ಸರಸರ ಸದ್ದು ಇರುತ್ತದೆ. ಎರಡು ನಿಮಿಷಕ್ಕೆ ಕಿವಿ ಅದನ್ನು ಮರೆಯುತ್ತದೆ.

6. ಸಿನಿಮಾ ಸಂಗೀತ ಆರಿಸುವಾಗ

ಸಿನಿಮಾ ಹಾಡಿನ ತೊಂದರೆ ಎರಡು. ಒಂದು, ಮಾತು. ಗೊತ್ತಿರುವ ಸಾಹಿತ್ಯ ಬಂದರೆ ನಾವು ಮನಸ್ಸಿನಲ್ಲೇ ಜೊತೆಗೆ ಹಾಡಲು ಶುರು ಮಾಡುತ್ತೇವೆ. ಎರಡು, ಪಲ್ಲವಿ–ಚರಣಗಳ ನಡುವೆ ಬರುವ ವಾದ್ಯಗಳ ತುಂಡು. ಹಾಡು ಮೆತ್ತಗಿದ್ದರೂ ಅಲ್ಲಿ ನಲವತ್ತು ಪಿಟೀಲು ಒಮ್ಮೆಲೇ ಎದ್ದುಬಿಡುತ್ತವೆ. ಹಾಡು ಪಟ್ಟಿಗೆ ಸೇರಿಸುವ ಮುಂಚೆ ಆ ತುಂಡನ್ನು ಮಾತ್ರ ಕೇಳಿ ನೋಡಿ.

1950ರಿಂದ 1970ರ ದಶಕದ ನಡುವಿನ ಹಾಡುಗಳು ಹೆಚ್ಚು ಹೊಂದುತ್ತವೆ. ಆ ಕಾಲದ ಯಂತ್ರಗಳಿಗೆ ಅತಿ ಮೆತ್ತಗಿನ, ಅತಿ ಜೋರಿನ ಸದ್ದನ್ನು ಹಿಡಿಯುವ ಶಕ್ತಿ ಕಡಿಮೆ ಇತ್ತು. ಹಾಗಾಗಿ ಏರಿಳಿತವೂ ಕಡಿಮೆ. ಹಿಂದಿಯಲ್ಲಿ ರಾಗ ಹಿಡಿದು ಹೋಗುವುದಾದರೆ, 1968ರ 'ಸರಸ್ವತಿಚಂದ್ರ'ದ 'ಚಂದನ್ ಸಾ ಬದನ್' ಯಮನ್ ಆಧಾರದ್ದು. 1958ರ 'ಮಧುಮತಿ'ಯಲ್ಲಿ ಲತಾ ಹಾಡಿದ 'ಆಜಾ ರೇ ಪರದೇಸಿ' ಬಾಗೇಶ್ರೀ. ಮನ್ನಾ ಡೇ ಹಾಡಿದ 'ಪೂಛೋ ನ ಕೈಸೇ' (1963) ಅಹೀರ್ ಭೈರವ್. ಮೊದಲು ಈ ಹಾಡು ಕೇಳಿ, ಹಿಂದೆಯೇ ಅದೇ ರಾಗದ ಆಲಾಪ ಕೇಳಿ. ರಾಗ ಗುರುತು ಹಿಡಿಯುವುದಕ್ಕೆ ಇದಕ್ಕಿಂತ ಸುಲಭ ದಾರಿ ನನಗೆ ಕಂಡಿಲ್ಲ.

ಕನ್ನಡದಲ್ಲಿ ವಿಜಯಭಾಸ್ಕರ್ ಸಂಗೀತದ 'ಗೆಜ್ಜೆಪೂಜೆ' (1969), ರಾಜನ್–ನಾಗೇಂದ್ರ ಅವರ 'ಎರಡು ಕನಸು' (1974), ಇವುಗಳಲ್ಲಿ ಎಸ್. ಜಾನಕಿ ಹಾಡಿದ ನಿಧಾನದ ಹಾಡುಗಳಿಂದ ಶುರು ಮಾಡಿ. ಶಾಸ್ತ್ರೀಯ ಬೇಕಿದ್ದರೆ 'ಸಂಧ್ಯಾರಾಗ' (1966), ಅದರಲ್ಲಿ ಭೀಮಸೇನ ಜೋಷಿಯವರ ದನಿ ಇದೆ. 1975ರ 'ಹಂಸಗೀತೆ'ಯಲ್ಲಿ ಬಾಲಮುರಳಿಕೃಷ್ಣ ಹಾಡಿದ್ದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಹಾಡಿಗಿಂತ ಹಿನ್ನೆಲೆ ಸಂಗೀತ ಮೇಲು ಅನ್ನುವವನು ನಾನು. ಮಾತಿಲ್ಲ, ಯಾರೂ ಜೊತೆಗೆ ಹಾಡಬೇಕಾಗಿಲ್ಲ. ಇಳಯರಾಜಾ ಅವರ 'ಪಲ್ಲವಿ ಅನುಪಲ್ಲವಿ' (1983) ಚಿತ್ರದ ತುಣುಕುಗಳು, ಎಲ್. ವೈದ್ಯನಾಥನ್ ಮಾಡಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಸಂಗೀತ, ಎರಡೂ ಈ ಕೆಲಸಕ್ಕೆ ಆಗುತ್ತವೆ.

ತಪ್ಪಿಸಬೇಕಾದ್ದು: 'ರಿಲ್ಯಾಕ್ಸಿಂಗ್ ಫ್ಲೂಟ್' ಅಂತ ಹೆಸರಿಟ್ಟ ಎಂಟು ಗಂಟೆಯ ವಿಡಿಯೊಗಳು. ಎಷ್ಟೋ ಕಡೆ ಕೀಬೋರ್ಡ್‌ನಲ್ಲಿ ಮಾಡಿದ ಎರಡು ನಿಮಿಷದ ತುಂಡನ್ನೇ ಸುತ್ತಿಸಿರುತ್ತಾರೆ. ಕೊಳಲಿನವರು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆಯೇ ನೋಡಿ. ಕೇಳಿಸದಿದ್ದರೆ ಅನುಮಾನ ಪಡಿ. ಹಾಗೇ ಹಳೇ ಹಾಡುಗಳ 'ಲೋಫೈ', 'ಸ್ಲೋಡ್' ಆವೃತ್ತಿಗಳು. ಹಾಡನ್ನು ಎಳೆದು ಗಾಯಕಿಯ ದನಿಯನ್ನು ಗಂಡಸಿನ ದನಿ ಮಾಡಿರುತ್ತಾರೆ. ಮೂಲವೇ ನಿಧಾನ ಇರುವಾಗ ಇದೆಲ್ಲ ಯಾಕೆ ಬೇಕು?

7. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೇಕೆಂದರೆ

ಆರ್ಕೆಸ್ಟ್ರಾ ಬೇಡ, ಒಂಟಿ ವಾದ್ಯ ಸಾಕು. ಆರ್ಕೆಸ್ಟ್ರಾದಲ್ಲಿ ಪಿಸುಮಾತಿನಷ್ಟು ಸದ್ದು ಎರಡು ಕ್ಷಣದಲ್ಲಿ ಗುಡುಗಾಗಬಹುದು. ಹೈಡನ್ ಅವರ 94ನೇ ಸಿಂಫನಿಯ (ಸಿಂಫನಿ ಅಂದರೆ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ರಚನೆ) ನಿಧಾನದ ಭಾಗದಲ್ಲೇ ಇಡೀ ವಾದ್ಯವೃಂದ ಧಡ್ ಅಂತ ಒಮ್ಮೆ ಬಾರಿಸುತ್ತದೆ, ಅದಕ್ಕೇ ಅದಕ್ಕೆ 'ಸರ್ಪ್ರೈಸ್' ಅಂತ ಹೆಸರು.

ಶುರುವಿಗೆ ಎರಿಕ್ ಸಾಟಿ 1888ರಲ್ಲಿ ಬರೆದ ಮೂರು 'ಜಿಮ್ನೋಪೆಡಿ' ಪಿಯಾನೊ ರಚನೆಗಳು. ಪಿಯಾನೊದಲ್ಲೇ ಡೆಬ್ಯುಸ್ಸಿಯ 'ಕ್ಲೇರ್ ಡ ಲೂನ್'. ಚೆಲ್ಲೊದಲ್ಲಿ ಬಾಖ್ ಅವರ ಮೊದಲ ಸ್ವೀಟ್‌ನ (Suite, ಅಂದರೆ ಸಣ್ಣ ರಚನೆಗಳ ಸರಮಾಲೆ) ಆರಂಭದ ಭಾಗ. ಚೆಲ್ಲೊ ಅಂದರೆ ನೆಲಕ್ಕೆ ಊರಿ ನುಡಿಸುವ ದೊಡ್ಡ ಪಿಟೀಲು, ಸಾರಂಗಿ ಇಷ್ಟ ಇರುವವರಿಗೆ ಅದೂ ಹಿಡಿಸಬಹುದು. ಬೀಥೋವನ್ ಅವರ 'ಮೂನ್‌ಲೈಟ್ ಸೊನಾಟಾ' ಮೊದಲ ಭಾಗ ಮಾತ್ರ ಕೇಳಿ. ಮೂರನೆಯದು ಬಿರುಗಾಳಿ.

ಟ್ರ್ಯಾಕ್‌ನ ಹೆಸರಲ್ಲೇ ಲಯದ ಸುಳಿವು ಇರುತ್ತದೆ. ಅಡಾಜಿಯೊ, ಲೆಂಟೊ, ಲಾರ್ಗೊ ಅಂದರೆ ನಿಧಾನ. ಆಂದಾಂತೆ ಅಂದರೆ ನಡಿಗೆಯ ವೇಗ. ಅಲೆಗ್ರೊ, ಪ್ರೆಸ್ಟೊ ಇದ್ದರೆ ಮುಟ್ಟಬೇಡಿ.

8. ನಲವತ್ತು ನಿಮಿಷದ ಪಟ್ಟಿ ಜೋಡಿಸಿ

ಮೊದಲು ಗೊತ್ತಿರುವ ಹಳೇ ಹಾಡು ಒಂದು, ನಾಲ್ಕು ನಿಮಿಷ. ಅದು ಬಾಗೇಶ್ರೀ ಅಂದುಕೊಳ್ಳಿ. ಹಿಂದೆಯೇ ಅದೇ ರಾಗದ ಕೊಳಲು ಅಥವಾ ಸಿತಾರ್, ತಬಲಾ ಇರುವ ವಿಲಂಬಿತ ಗತ್, ಹತ್ತು ನಿಮಿಷ. ಆಮೇಲೆ ಆಲಾಪ, ಹದಿನೈದು ನಿಮಿಷ. ಉಳಿದ ಹೊತ್ತು ಬರಿ ತಂಬೂರಿ. ತಂಬೂರಿಗೆ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಕಛೇರಿಯ ಕ್ರಮವನ್ನು ನಾವಿಲ್ಲಿ ತಿರುಗಾಮುರುಗಾ ಮಾಡಿದ್ದೇವೆ: ತಾಳದಿಂದ ಆಲಾಪಕ್ಕೆ, ಆಲಾಪದಿಂದ ಬರಿ ಶ್ರುತಿಗೆ. ಪಂಡಿತರು ಒಪ್ಪದಿರಬಹುದು. ಏರಿಳಿತ ಮಾತ್ರ ಇಳಿಮುಖವಾಗಿಯೇ ಹೋಗುತ್ತದೆ.

ತಂಬೂರಿ ಆ್ಯಪ್‌ನಲ್ಲಿ ಶ್ರುತಿ ಬದಲಿಸಬಹುದು. ಆಲಾಪದ ಷಡ್ಜಕ್ಕೆ ಹೊಂದುವಂತೆ ಮೊದಲೇ ಇಟ್ಟುಕೊಳ್ಳಿ, ಇಲ್ಲವಾದರೆ ಬದಲಾಗುವ ಆ ಕ್ಷಣದಲ್ಲಿ ಕಿವಿ ಮುಗ್ಗರಿಸುತ್ತದೆ. ಎರಡು ವಾರ ಒಂದೇ ಪಟ್ಟಿ ಇರಲಿ. ದಿನಾ ಹೊಸದು ಹುಡುಕುತ್ತಾ ಕೂತರೆ ಹುಡುಕುವುದರಲ್ಲೇ ಹನ್ನೊಂದು ಗಂಟೆ ಆಗುತ್ತದೆ.

ಪದೇ ಪದೇ ಬರುವ ಪ್ರಶ್ನೆಗಳು

ಕೇಳುತ್ತಾ ನಿದ್ದೆ ಬಂದರೆ? ಬರಲಿ ಬಿಡಿ. ಆದರೆ ಕಿವಿಯೊಳಗೆ ಇಯರ್‌ಫೋನ್ ಇಟ್ಟುಕೊಂಡು ರಾತ್ರಿಯಿಡೀ ಮಲಗಬೇಡಿ. ನಿದ್ದೆ ಬರುವುದು ಖಚಿತ ಅನ್ನಿಸಿದರೆ ಸ್ಪೀಕರ್ ಮತ್ತು ಟೈಮರ್.

ಮಗುವಿಗೆ ಹಾಕಬಹುದೇ? ಹಾಕಬಹುದು. ಫೋನನ್ನು ತೊಟ್ಟಿಲಲ್ಲಿ ಇಡಬೇಡಿ, ಕೋಣೆಯ ಆ ತುದಿಗಿರಲಿ, ಸದ್ದು ನಿಮಗೆ ಬೇಕಾದದ್ದಕ್ಕಿಂತ ಕಡಿಮೆ ಇರಲಿ.

ಓದುವಾಗ ಕೇಳಬಹುದೇ? ಮಾತಿಲ್ಲದ್ದು ಮಾತ್ರ. ದಾಸರ ಪದ ಹಾಕಿಕೊಂಡು ಲೆಕ್ಕ ಮಾಡಬಹುದೇನೋ, ಇತಿಹಾಸ ಓದಲು ಆಗುವುದಿಲ್ಲ.

ಗಾಡಿ ಓಡಿಸುವಾಗ? ಈ ಪಟ್ಟಿ ಬೇಡವೇ ಬೇಡ. ಹೊಸಪೇಟೆ–ಬಳ್ಳಾರಿ ರಸ್ತೆಯಲ್ಲಿ ರಾತ್ರಿ ಅದಿರಿನ ಲಾರಿಗಳ ನಡುವೆ ಹೋಗುವವರಿಗೆ ದರ್ಬಾರಿ ಆಲಾಪ ಅಪಾಯ. ಅಲ್ಲಿ ಮನ್ಸೂರರನ್ನು ಹಾಕಿ.

ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತದೆ, ಸಂಗೀತದಿಂದ ಹೋಗುತ್ತದೆಯೇ? ಅದನ್ನು ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮಿಲ್ಲು, ಗಣಿ, ಹೊಲಿಗೆ ಘಟಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ತಡ ಮಾಡಬೇಡಿ.

ಎದುರಿಗೆ ಕೂತು ಕೇಳುವ ಆಸೆ ಬಂದರೆ? ರಾಯಚೂರಿನ ಜಂಬಲದಿನ್ನಿ ರಂಗಮಂದಿರದಲ್ಲಿ, ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಏನು ಕಾರ್ಯಕ್ರಮ ಇದೆ ಅಂತ ಪತ್ರಿಕೆಯ ಜಿಲ್ಲಾ ಪುಟ ನೋಡುತ್ತಿರಿ. ಕೊಪ್ಪಳದವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ದೂರವಲ್ಲ. ಹೋದಾಗ ಮುಂದಿನ ಸಾಲಿಗೆ ಓಡಬೇಡಿ, ಸೌಂಡ್ ಬಾಕ್ಸ್ ಇಡುವುದು ಅದರ ಎದುರಿಗೇ. ನಡುವಿನ ಸಾಲು, ಗೋಡೆಯಿಂದ ಸ್ವಲ್ಪ ಈಚೆ ಕೂಡಿ.